ಒಂದು ಕೊಂಬು ಹೆಚ್ಚು

‘ನಿನ್ನ ಭಾಷೆ ಯಾವುದು’ ಎಂದು ಯಾರಾದರೂ ಕೇಳಿದರೆ ಸುಶಾಂತ ಮೊದಲು ಕೇಳಿದವರ ಮುಖ ನೋಡುತ್ತಿದ್ದ. ಕೇಳಿದವರು ಮಲಯಾಳಿಯಾದರೆ ಕನ್ನಡ ಎನ್ನುತ್ತಿದ್ದ, ಧಾರವಾಡದವರಾದರೆ ತುಳು ಎನ್ನುತ್ತಿದ್ದ, ಅರಬ್ಬಿಯಾದರೆ ಹಿಂದಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದ. ಇದರಲ್ಲಿ ಸುಳ್ಳೇನೂ ಇರಲಿಲ್ಲ, ಮೂರನ್ನೂ ಅವನು ನೀರು ಕುಡಿದಷ್ಟು ಸುಲಭವಾಗಿ ಮಾತಾಡಬಲ್ಲ. ದೋಹಾದ ಬಿನ್ ಒಮ್ರಾನ್ ಬಡಾವಣೆಯ ಅಂಗಡಿಯಲ್ಲಿ ಕೂತು ಒಂಬತ್ತು ವರ್ಷದಿಂದ ಕಂಡವರ ಮದುವೆ ಫೋಟೊ, ಕುರಾನಿನ ಸಾಲು, ಮಕ್ಕಳ ಸರ್ಟಿಫಿಕೇಟುಗಳಿಗೆ ಕಟ್ಟು ಹಾಕುತ್ತಿದ್ದವನು ಅವನು. ಬಂದ ಗಿರಾಕಿಯ ಭಾಷೆ ಆಡದಿದ್ದರೆ ಅಲ್ಲಿ ಹೊಟ್ಟೆ ತುಂಬುವುದಿಲ್ಲ.

ಹಾಗೆ ಬಂದ ಗಿರಾಕಿಗಳಲ್ಲಿ ಒಬ್ಬ ಯಜ್ಞೇಶ. ದೊಡ್ಡದೊಂದು ಕಲಾಕೇಂದ್ರದಲ್ಲಿ ಸೂಪರ್‌ವೈಸರು, ತುಳುವರ ಕೂಟದ ಕಾರ್ಯದರ್ಶಿ, ಊರಿನವರನ್ನು ಕಂಡರೆ ಮನೆಗೆ ಎಳೆದುಕೊಂಡು ಹೋಗಿ ಉಣ್ಣಿಸದೆ ಬಿಡದ ಜಾತಿಯ ಮನುಷ್ಯ. ಐದು ವರ್ಷದ ಕೆಳಗೆ ಅಲ್ ಹಿಲಾಲಿನ ಅವನ ಮನೆಯಲ್ಲಿ ಸುಶಾಂತ ಮೊದಲ ಸಲ ಊಟಕ್ಕೆ ಕೂತಾಗ ಯಜ್ಞೇಶ ಅವನ ಐಡಿ ಕಾರ್ಡು ನೋಡಿ, ‘ಸುಶಾಂತ್ ಕೆ. ಅಂತ ಉಂಟಲ್ಲ, ಕೆ ಅಂದ್ರೆ ಕೋಟ್ಯಾನಾ?’ ಎಂದು ಕೇಳಿದ್ದ. ಬಾಯಲ್ಲಿ ನೀರುದೋಸೆ ಇದ್ದದ್ದರಿಂದ ಸುಶಾಂತ ತಲೆ ಅಲ್ಲಾಡಿಸಿದ. ಅಡ್ಡಕ್ಕೆ ಅಲ್ಲಾಡಿಸಿದನೋ ಉದ್ದಕ್ಕೋ, ಅವನಿಗೂ ಇವತ್ತಿನವರೆಗೆ ಗೊತ್ತಿಲ್ಲ. ದೋಸೆ ಗಂಟಲಲ್ಲಿ ಇಳಿಯುವಷ್ಟರಲ್ಲಿ ಅವನು ಕೋಟ್ಯಾನ್, ಎಂದರೆ ಊರಿನಲ್ಲಿ ಮನೆಯೊಳಗೆ ಕರೆಯುವ ಜಾತಿಯವನು, ಆಗಿಬಿಟ್ಟಿದ್ದ, ಕೂಟದ ವಾಟ್ಸಾಪಿನಲ್ಲೂ ಅದೇ ಹೆಸರು ಬಿತ್ತು. ಆಮೇಲೆ ಸರಿಮಾಡಲು ಐದು ವರ್ಷ ಸಿಕ್ಕಿತ್ತು. ಮಾಡಲಿಲ್ಲ.

ಕೆ ಅಂದರೆ ಕೊರಗ. ಕಾರ್ಕಳದಿಂದ ಆಚೆ, ಗುಡ್ಡದ ಬುಡದ ಕೊರಗರ ಕಾಲೊನಿಯಲ್ಲಿ ಅವನ ಮನೆ. ಕಾಡಿನಿಂದ ಬೂರು, ಎಂದರೆ ಬಳ್ಳಿ, ಎಳೆದು ತಂದು ಬುಟ್ಟಿ ಹೆಣೆಯುವ ಮನೆ. ಕೊರಗರಿಗೆ ತಮ್ಮದೇ ಒಂದು ಮಾತಿದೆ ಎಂಬುದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಗೊತ್ತಿದ್ದ ಇನ್ನರ್ಧಕ್ಕೆ ಅದು ನಗಾಡುವ ವಿಷಯವಾಗಿತ್ತು. ಒಂದನೇ ಕ್ಲಾಸಿನಲ್ಲಿ ಸುಶಾಂತ ಬಾಯಾರಿದಾಗ ಅಜ್ಜಿಯ ಹತ್ತಿರ ಕೇಳುವ ಹಾಗೆಯೇ ಮಾಸ್ತರರ ಹತ್ತಿರ ನೀರು ಕೇಳಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಾಸ್ತರರೂ ನಕ್ಕರು. ಆ ಸಂಜೆ ಅವನ ತಾಯಿ, ಅಪ್ಪಿ ಎಂದು ಅವಳ ಹೆಸರು, ವಿಷಯ ತಿಳಿದು ಬಾಯಿಯ ಮೇಲೆ ಒಂದು ಬಿಟ್ಟು, ಇನ್ನು ಈ ಬಾಯಲ್ಲಿ ಆ ಮಾತು ಬರಕೂಡದು ಎಂದಳು. ಹೊಡೆದವಳೇ ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಅದೇ ವರ್ಷ ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ತುಳು ಬಿಟ್ಟು ಬೇರೆ ಉಸಿರಿಲ್ಲ. ಈಗ ನೀವೇ ಹೇಳಿ, ತಾಯಿ ಆಡಿದ್ದು ತುಳು, ತಾಯಿ ಅಡಗಿಸಿದ್ದು ಇನ್ನೊಂದು, ಇದರಲ್ಲಿ ತಾಯ್ನುಡಿ ಯಾವುದು? ಸುಶಾಂತನಿಗೆ ತಿಳಿಯಲಿಲ್ಲ, ನನಗೂ ತಿಳಿಯುವುದಿಲ್ಲ.

ಹೀಗಿರುವಾಗ ಕೆನಡಾದಿಂದ ವರ್ನಾ ಬಂದಳು. ಅಲ್ಲಿನ ಮೂಲನಿವಾಸಿಗಳಾದ ಕ್ರೀ ಜನಾಂಗದವಳು, ಅರುವತ್ತರ ಹೆಂಗಸು, ಬುಟ್ಟಿ ಹೆಣೆಯುವ ಕಲಾವಿದೆ. ಕಲಾಕೇಂದ್ರದವರು ಅವಳನ್ನು ಮೂರು ವಾರಕ್ಕೆ ಕರೆಸಿದ್ದರು. ಶನಿವಾರ ಶನಿವಾರ ಬೆಳಿಗ್ಗೆ ದೋಹಾದಲ್ಲಿರುವ ಸಣ್ಣ ಸಣ್ಣ ಭಾಷೆಗಳ ಜನ ಒಟ್ಟಿಗೆ ಕೂತು ಹೆಣೆಯುವುದು, ಹೆಣೆದದ್ದನ್ನೆಲ್ಲ ಕೊನೆಗೆ ಒಂದೇ ಗೋಡೆಗೆ ಸೇರಿಸುವುದು. ಗೋಡೆಗೆ ಬೇಕಾದ ಮರದ ಚೌಕಟ್ಟಿಗೆ ಯಜ್ಞೇಶ ಸುಶಾಂತನನ್ನೇ ಕರೆದ. ಕೆಲಸವೂ ಆಗಲಿ, ತುಳುವಿನ ಪರವಾಗಿ ಒಬ್ಬ ಕೂತ ಹಾಗೂ ಆಗಲಿ ಎಂದು ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆದ. ಯಜ್ಞೇಶನ ಮಗಳು ಮೋಕ್ಷಾ, ಹನ್ನೊಂದನೇ ಕ್ಲಾಸಿನ ಹುಡುಗಿ, ಅಲ್ಲಿ ಸ್ವಯಂಸೇವಕಿ.

ಮೊದಲ ಶನಿವಾರ ಸುಶಾಂತ ಚೌಕಟ್ಟಿನ ಅಳತೆ ತೆಗೆದು ಹೊರಡುವವನಿದ್ದ. ವರ್ನಾ ಅವನ ಕೈಯಿಂದ ಟೇಪು ಕಸಿದುಕೊಂಡು ಒಂದು ಹಿಡಿ ಖರ್ಜೂರದ ಗರಿ ಕೊಟ್ಟಳು. ಅವಳ ಊರಿನ ಕೆಂಪು ವಿಲೋ ಕಡ್ಡಿ ಇಲ್ಲಿ ಎಲ್ಲಿಂದ ಬರಬೇಕು. ರಸ್ತೆಬದಿಯ ಮರ ಕತ್ತರಿಸುವವರು ಬಿಟ್ಟುಹೋದ ಗರಿಯನ್ನೇ ತಂದು ಬಕೆಟಿನಲ್ಲಿ ನೆನೆಹಾಕಿದ್ದಳು. ಮೇಜಿನ ಸುತ್ತ ಅವನೂ ಸೇರಿ ಎಂಟು ಜನ ಇದ್ದರು. ನೇಪಾಳದ ಒಬ್ಬ ಸೆಕ್ಯುರಿಟಿ ಗಾರ್ಡು, ಸುಡಾನಿನ ನೂಬಿಯಾದ ಡ್ರೈವರು, ಫಿಲಿಪ್ಪೀನ್ಸಿನ ಗುಡ್ಡಗಾಡಿನ ನರ್ಸು, ಹೀಗೆ. ಯಾರ ಭಾಷೆಯೂ ಯಾರಿಗೂ ತಿಳಿಯದು. ಅದೇ ಒಳ್ಳೆಯದು ಎಂದಳು ವರ್ನಾ.

ಅವಳು ಪಾಠ ಮಾಡಲಿಲ್ಲ. ಹೆಣೆಯುತ್ತ ಹೆಣೆಯುತ್ತ ತನ್ನ ಕಥೆ ಹೇಳಿದಳು. ಅವಳ ಅಜ್ಜಿಯನ್ನು ಐದನೇ ವಯಸ್ಸಿಗೇ ಹಾಸ್ಟೆಲ್ ಶಾಲೆಗೆ ಒಯ್ದಿದ್ದರಂತೆ, ತನ್ನ ಮಾತು ಆಡಿದ್ದಕ್ಕೆ ಬಾಯಿಗೆ ಸೋಪು ಹಾಕಿ ತೊಳೆದರಂತೆ. ಆ ಅಜ್ಜಿ ತನ್ನ ಮಗಳಿಗೆ ಆ ಮಾತು ಕಲಿಸಲಿಲ್ಲ. ಪ್ರೀತಿ ಇಲ್ಲದೆ ಅಲ್ಲ, ಪ್ರೀತಿ ಇದ್ದದ್ದಕ್ಕೇ. ವರ್ನಾ ಕಲಿತದ್ದು ನಲವತ್ತು ದಾಟಿದ ಮೇಲೆ, ಮುದುಕಿಯರ ಜೊತೆ ಬುಟ್ಟಿ ಹೆಣೆಯುತ್ತ ಕೂತು. ಕೈಗೆ ಕೆಲಸ ಇದ್ದಾಗ ಬಾಯಿಗೆ ಹೆದರಿಕೆ ಮರೆತುಹೋಗುತ್ತದೆ ಎಂದು ಹೇಳಿ ಅವಳು ಗರಿಯನ್ನು ಹಲ್ಲಿನಲ್ಲಿ ಕಚ್ಚಿ ಸೀಳಿದಳು.

ಸುಶಾಂತ ಸೋಪಿನ ಮಾತು ಕೇಳಿದಾಗಿನಿಂದ ತಲೆ ಎತ್ತಿರಲಿಲ್ಲ. ಗರಿ ಬೂರಿನಂತೆ ಬಾಗುವುದಿಲ್ಲ, ಒರಟು. ಆದರೂ ಅವನ ಬೆರಳು ನಾಲ್ಕು ಗರಿಯನ್ನು ಅಡ್ಡ, ನಾಲ್ಕನ್ನು ಉದ್ದ ಇಟ್ಟು, ತೆಳ್ಳನೆಯದೊಂದನ್ನು ಒಂದರ ಮೇಲೆ ಒಂದರ ಕೆಳಗೆ ದಾಟಿಸಿ ಎಳೆದು ಬಿಗಿಯಿತು. ಬುಟ್ಟಿಯ ಬುಡ ಎದ್ದಿತು. ಇಪ್ಪತ್ತೈದು ವರ್ಷದಿಂದ ಮುಟ್ಟದ ಕೆಲಸವನ್ನು ಕೈ ಅವನನ್ನು ಕೇಳದೆಯೇ ಮಾಡಿಬಿಟ್ಟಿತ್ತು. ಮತ್ತು ಆ ಮೊದಲ ಬಿಗಿತದ ಹೊತ್ತಿಗೆ ಬಾಯಿಗೆ ಒಂದು ಪದ ಬಂತು.

ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಪ್ಪಿಯ ಅಪ್ಪಣೆ ನನಗಿಲ್ಲ, ನಗಾಡಿದವರ ಕಣ್ಣಿಗೆ ಅದನ್ನು ಮತ್ತೆ ಬೀಳಿಸುವ ಮನಸ್ಸೂ ಇಲ್ಲ.

ಪದ ಬಂದದ್ದೇ ತಡ, ಸುಶಾಂತನ ತಲೆ ಕೆಟ್ಟುಹೋಯಿತು. ಇದು ನಿಜವಾಗಿ ಅಜ್ಜಿಯ ಪದವೋ? ಅಥವಾ ತುಳುವಿನದೇ ಯಾವುದೋ ಹಳೆಯ ಮಾತೋ? ಒಂಬತ್ತು ವರ್ಷ ಕೇಳಿದ ಮಲಯಾಳ, ಬಂಗಾಳಿ, ಅರಬ್ಬಿಯಲ್ಲಿ ಯಾವುದಾದರೂ ಒಂದು ಪದ ಬಾಲ ಕತ್ತರಿಸಿಕೊಂಡು ಬಂದಿರಬಾರದೇಕೆ? ಪಕ್ಕದ ಮನೆಯ ನಾಯಿಯ ಹೆಸರು ಹಾಗೇ ಇತ್ತೇನೋ ಎಂದೂ ಒಮ್ಮೆ ಅನಿಸಿತು. ದೋಹಾ ಅಲ್ ಜದೀದಾದ ತನ್ನ ಬಾಡಿಗೆ ಕೋಣೆಯಲ್ಲಿ ಅವನು ವಾರವಿಡೀ ಅದನ್ನು ಬಾಯಲ್ಲಿ ಹೊರಳಿಸಿದ. ಹೆಚ್ಚು ಹೇಳಿದಷ್ಟೂ ಅದು ಸುಳ್ಳು ಸುಳ್ಳಾಗಿ ಕೇಳಿತು. ಜೊತೆಗಿದ್ದವರು ಹುಡುಗಿ ಯಾರು ಎಂದು ತಮಾಷೆ ಮಾಡಿದರು.

ಎರಡನೇ ಶನಿವಾರ ವರ್ನಾ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟಳು. ಮೇಲೆ ನಿಮ್ಮ ಭಾಷೆಯ ಹೆಸರು, ಕೆಳಗೆ ಹೆಣೆಯುವಾಗ ನೆನಪಾದ ಒಂದು ಪದ, ನಿಮಗೆ ಬರುವ ಯಾವ ಲಿಪಿಯಲ್ಲಾದರೂ ಸರಿ. ಮೋಕ್ಷಾ ಅದನ್ನೆಲ್ಲ ಇಂಗ್ಲಿಷಿನಲ್ಲಿ ಪ್ರಿಂಟು ಮಾಡಿಸಿ ಗೋಡೆಗೆ ಅಂಟಿಸುತ್ತಾಳೆ ಎಂದಳು. ಸುಶಾಂತನ ಕಷ್ಟ ಈಗ ಶುರುವಾಯಿತು. ಕೊರಗ ಎಂದು ಬರೆದರೆ ಯಜ್ಞೇಶನ ಮುಂದೆ ಐದು ವರ್ಷದ ಕೋಟ್ಯಾನ್ ಖಲಾಸ್. ಊರಿನಲ್ಲಿ ಯಜ್ಞೇಶನಂಥವರ ಮನೆಗಳಲ್ಲಿ ಅಂಗಳದ ಆಚೆ ನಿಂತು, ಎಲೆಯಲ್ಲಿ ಹಾಕಿದ್ದನ್ನು ತಿಂದು ಬೆಳೆದವನು ಸುಶಾಂತ. ಇಲ್ಲಿ ಯಜ್ಞೇಶನ ಹೆಂಡತಿ ಸ್ಟೀಲ್ ಬಟ್ಟಲಲ್ಲಿ ಎರಡನೇ ಸಲ ಸಾರು ಬಡಿಸುವಾಗ ಅವನು ಪ್ರತಿ ವಾರ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಆ ಬಟ್ಟಲು ತಪ್ಪಬಾರದು. ತುಳು ಎಂದು ಬರೆದರೆ ಬಟ್ಟಲು ಉಳಿಯುತ್ತದೆ, ಆದರೆ ಅಜ್ಜಿಯ ಪದ ಎರಡನೇ ಸಲ ಸಾಯುತ್ತದೆ. ಈ ಸಲ ಕೊಂದವನು ಮಾಸ್ತರನೂ ಅಲ್ಲ, ಅಪ್ಪಿಯೂ ಅಲ್ಲ.

ತುಳು ಎಂದು ಬರೆದ. ಹೊಡೆದುಹಾಕಿದ. ಕನ್ನಡ ಎಂದು ಬರೆದ, ಅದನ್ನೂ ಹೊಡೆದ. ಹೊಸ ಚೀಟಿ ಕೇಳಿ ತೆಗೆದುಕೊಂಡು, ಕನ್ನಡ ಅಕ್ಷರದಲ್ಲಿ ‘ಕೊರಗ’ ಎಂದು ಸಣ್ಣದಾಗಿ ಬರೆದು, ಕೆಳಗೆ ಆ ಪದ ಬರೆದು ಮಡಚಿ ಡಬ್ಬಿಗೆ ಹಾಕಿದ. ಹಾಕಿದ ಮೇಲೆ ಡಬ್ಬಿಯೊಳಗೆ ಕೈ ತೂರಿಸಿ ತೆಗೆಯಲು ನೋಡಿದ. ಬಾಯಿ ಕಿರಿದು, ಕೈ ಹೋಗಲಿಲ್ಲ.

ಅದೇ ಸಂಜೆ ಊರಿಗೆ ಫೋನು ಮಾಡಿ, ಬುಟ್ಟಿಯ ಬುಡ ಶುರುಮಾಡುವುದಕ್ಕೆ ಅಜ್ಜಿ ಹೀಗೆ ಹೇಳುತ್ತಿದ್ದಳಲ್ಲ ಎಂದು ಆ ಪದ ಹೇಳಿದ. ಆ ಕಡೆ ಏನೂ ಕೇಳಲಿಲ್ಲ. ನೆಟ್‌ವರ್ಕು ಹೋಯಿತೇನೋ ಎಂದುಕೊಂಡ.

‘ಎಂಥದು ಅದು? ನಮ್ಮದು ತುಳು’ ಎಂದಳು ಅಪ್ಪಿ ಕೊನೆಗೆ. ‘ಅಲ್ಲಿ ನಿನಗೆ ಬೇರೆ ಕೆಲಸ ಇಲ್ವಾ?’

ಅವನು ಇನ್ನೊಮ್ಮೆ ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಹಾಗಾದರೆ ಪದ ಸುಳ್ಳೇ ಇರಬೇಕು ಎಂದು ಅರ್ಧ ಮನಸ್ಸು, ಸುಳ್ಳಾದರೆ ಅಮ್ಮ ಅಷ್ಟು ಹೊತ್ತು ಸುಮ್ಮನಿದ್ದದ್ದು ಯಾಕೆ ಎಂದು ಇನ್ನರ್ಧ. ಎರಡರ ನಡುವೆ ಸುಶಾಂತ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ.

ಮೂರನೇ ಶನಿವಾರ ಪ್ರದರ್ಶನ. ಎಂಟು ಬುಡಗಳನ್ನೂ ಉದ್ದನೆಯ ಗರಿಗಳಿಂದ ಒಂದಕ್ಕೊಂದು ಕಟ್ಟಿ, ಸುಶಾಂತನ ಚೌಕಟ್ಟಿನಲ್ಲಿ ಎಳೆದು ನಿಲ್ಲಿಸಿದ್ದರು. ನೋಡಲು ಚೆಂದ ಇತ್ತು. ಅವನು ತನ್ನದನ್ನು ಹುಡುಕಿ ಹೋಗುವ ಮೊದಲೇ ಅದರ ಮುಂದೆ ನಾಲ್ಕು ಜನ ನಿಂತಿದ್ದರು. ಒಬ್ಬ ಪಾಕಿಸ್ತಾನಿ ಹೆಂಗಸು ಕಣ್ಣೊರೆಸಿಕೊಳ್ಳುತ್ತಿದ್ದಳು. ಇಣುಕಿ ಲೇಬಲು ಓದಿದ. ‘ಲ್ಯಾಂಗ್ವೇಜ್: ಸಾರೋ’ ಎಂದಿತ್ತು. ಭಾಷೆ: ದುಃಖ.

ಅವನಿಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಬೇರೆ ಯಾರದೋ ಇರಬೇಕು ಎಂದು ಅತ್ತಿತ್ತ ನೋಡಿದ. ಕೆಳಗಿನ ಪದ ಅವನದೇ. ಅಷ್ಟರಲ್ಲಿ ಯಜ್ಞೇಶ ಬಂದು ಅವನ ಭುಜ ಹಿಡಿದ. ‘ಇದೆಂತ ಮಾರಾಯ, ತುಳು ಅಂತ ಬರೀಲಿಕ್ಕೆ ಎಂತ ಆಗಿತ್ತು? ನಮ್ಮ ತುಳುವಿಗೆ ಎಂತ ದುಃಖ ಬಂದದ್ದು?’ ಎಂದು ಕೇಳಿದ. ಆದರೂ ಅವನಿಗೆ ಒಳಗೊಳಗೇ ಹೆಮ್ಮೆ. ಎಲ್ಲರೂ ಅದನ್ನೇ ನೋಡುವುದು, ಭಾರಿ ಡೀಪ್ ಆಗಿ ಯೋಚನೆ ಮಾಡಿದ್ದೀ ಎಂದ.

ಸುಶಾಂತ ಮೋಕ್ಷಾಳನ್ನು ಮೂಲೆಗೆ ಕರೆದು ಕೇಳಿದ. ಹುಡುಗಿಯ ಕನ್ನಡ ಅಷ್ಟಕ್ಕಷ್ಟೆ, ಅಜ್ಜಿಯ ಜೊತೆ ವಿಡಿಯೊ ಕಾಲಿನಲ್ಲಿ ಆಡುವಷ್ಟು. ಅವಳು ಚೀಟಿ ನೋಡಿ ಫೋನಿನಲ್ಲಿ ‘ಕೊರಗ’ ಎಂದು ಒತ್ತಿದ್ದಳು, ಫೋನು ತಾನಾಗಿ ಒಂದು ಕೊಂಬು ಸೇರಿಸಿ ‘ಕೊರಗು’ ಮಾಡಿತ್ತು, ಅನುವಾದ ಕೇಳಿದರೆ ದುಃಖ ಎಂದಿತ್ತು. ‘ನೀವು ಪೊಯೆಟಿಕ್ ಆಗಿ ಬರ್ದಿದ್ದು ಅಂದ್ಕೊಂಡೆ ಅಂಕಲ್. ಕರೆಕ್ಟ್ ಅಲ್ವಾ?’ ಎಂದಳು.

ಕರೆಕ್ಟೋ ಅಲ್ಲವೋ, ಈ ಕೊಂಬಿನಲ್ಲಿ ಎಲ್ಲ ಉಳಿದಿತ್ತು. ಕೋಟ್ಯಾನ್ ಉಳಿದಿದ್ದ, ಸಾರಿನ ಬಟ್ಟಲು ಉಳಿದಿತ್ತು, ಪದವೂ ಗೋಡೆಯ ಮೇಲೆ ಇತ್ತು. ಜನ ಹೊಗಳುತ್ತಲೂ ಇದ್ದರು. ದೇವರೇ ಬಂದು ಕಾಪಾಡಿದ್ದರೂ ಇಷ್ಟು ಅಚ್ಚುಕಟ್ಟಾಗಿ ಕಾಪಾಡುತ್ತಿರಲಿಲ್ಲ. ಬಾಯಿ ಮುಚ್ಚಿ ನಿಂತರೆ ಆಯಿತು. ಆದರೆ ಎದೆಯೊಳಗೆ ಕೋಪ ಏರುತ್ತಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಫೋನಿನ ಮೇಲೋ, ಪಾಪದ ಹುಡುಗಿಯ ಮೇಲೋ, ಇಷ್ಟು ಸಲೀಸಾಗಿ ಕಣ್ಣೊರೆಸಿಕೊಳ್ಳುವವರ ಮೇಲೋ. ಅಜ್ಜಿ ದುಃಖದವಳಾಗಿರಲಿಲ್ಲ. ಹೆಣೆಯುತ್ತ ಕೂತರೆ ಅಂಗಳದ ತುಂಬ ನಗಿಸುತ್ತಿದ್ದಳು. ಅವಳು ಏನು ಹೇಳಿ ನಗಿಸುತ್ತಿದ್ದಳು ಎಂಬುದು ಮಾತ್ರ ಅವನಿಗೆ ಒಂದೂ ನೆನಪಿರಲಿಲ್ಲ.

ವರ್ನಾ ಎಲ್ಲರನ್ನೂ ಗೋಡೆಯ ಮುಂದೆ ಕರೆದು ಒಬ್ಬೊಬ್ಬರ ಕೈಯಲ್ಲಿ ಅವರವರ ಪದ ಹೇಳಿಸಿದಳು. ಸುಶಾಂತನ ಸರದಿ ಬಂದಾಗ, ತನ್ನ ಭಾಷೆಯನ್ನೇ ದುಃಖ ಎಂದು ಕರೆದ ಮನುಷ್ಯ ಇವರು ಎಂದು ಪರಿಚಯಿಸಿದಳು. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು.

ಸುಶಾಂತ ಇಂಗ್ಲಿಷಿನಲ್ಲಿ ಶುರುಮಾಡಿದ, ಬರಲಿಲ್ಲ. ಮೋಕ್ಷಾಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ. ‘ಒಂದು ಕೊಂಬು ಹೆಚ್ಚಾಗಿದೆ ಮೋಕ್ಷಾ. ಕೊರಗು ಅಂದ್ರೆ ದುಃಖ. ಕೊರಗ ಅಂದ್ರೆ ನಾನು. ಕೆ ಅಂತ ಉಂಟಲ್ಲ, ಅದು.’

ಹುಡುಗಿಗೆ ಅರ್ಧ ತಿಳಿಯಿತು. ತಿಳಿದಷ್ಟನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಇದು ದುಃಖ ಅಲ್ಲ, ಇವರ ಜನರ ಹೆಸರು, ತಪ್ಪು ನನ್ನದು ಎಂದು. ವರ್ನಾ ಒಂದು ಗಳಿಗೆ ಬಾಯಿ ತೆರೆದು ನಿಂತು, ಆಮೇಲೆ ಬಿದ್ದು ಬಿದ್ದು ನಕ್ಕಳು. ಕ್ರೀ ಎಂಬುದೂ ಹೊರಗಿನವರು ಬರೆದದ್ದೇ, ನಾವು ನಮ್ಮನ್ನು ನೇಹಿಯವ್ ಎನ್ನುತ್ತೇವೆ, ಎಷ್ಟು ತಿದ್ದಿದರೂ ಯಾರೂ ಕೇಳುವುದಿಲ್ಲ ಎಂದು ಹೇಳಿ, ತನ್ನ ಪೆನ್ನಿನಿಂದಲೇ ಲೇಬಲಿನ ಮೇಲೆ ಗೀಟು ಎಳೆದಳು. ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಸ್ವಲ್ಪ ತಟ್ಟಿದರು. ಸುಶಾಂತ ಪದ ಹೇಳಿದ.

ಅವನು ಯಜ್ಞೇಶನ ಮುಖ ಹುಡುಕಿದ. ಯಜ್ಞೇಶ ಗೋಡೆಯ ಲೈಟು ಸರಿಮಾಡುತ್ತಿದ್ದ, ಅದು ಸರಿಯಾಗಿಯೇ ಇತ್ತು. ಎಲ್ಲ ಮುಗಿದ ಮೇಲೆ ಹತ್ತಿರ ಬಂದ. ‘ಮೊದಲೇ ಹೇಳಬಹುದಿತ್ತಲ್ಲ ಮಾರಾಯ, ನಾನು ಹಾಗೆಲ್ಲ ನೋಡುವವನಲ್ಲ’ ಎಂದ. ಎಷ್ಟು ಬೇಗ ಹೇಳಿದನೆಂದರೆ ಸುಶಾಂತನಿಗೆ ಅದು ಬೇಸರವೋ ಸಮಾಧಾನವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯಜ್ಞೇಶನ ಫೋನು ಬಡಿದುಕೊಂಡಿತು. ಅರಬ್ಬಿಯಲ್ಲಿ ಯಲ್ಲಾ, ಬಂದೆ ಎನ್ನುತ್ತ ಮಗಳನ್ನು ಕರೆದುಕೊಂಡು ಹೊರಟೇಬಿಟ್ಟ. ಮನೆಗೆ ಊಟಕ್ಕೆ ಬಾ ಎಂದು ಹೇಳಲಿಲ್ಲ. ಮರೆತನೋ, ಮರೆಯಲಿಲ್ಲವೋ. ಮೋಕ್ಷಾ ಬಾಗಿಲಲ್ಲಿ ತಿರುಗಿ ಕೈ ಬೀಸಿದಳು. ಹೋಗಿ ಕೇಳೋಣವೇ ಎಂದುಕೊಂಡ ಸುಶಾಂತ. ಇಷ್ಟು ವರ್ಷ ಕರೆದಿದ್ದಾನೆ, ಒಂದು ದಿನ ಕರೆಯದಿದ್ದರೆ ಅದಕ್ಕೂ ಅರ್ಥ ಹುಡುಕಬೇಕೇ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಅರ್ಥ ಹುಡುಕುತ್ತಲೇ ಇದ್ದ.

ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಬಸ್ ಸ್ಟಾಪಿನ ಗಾಜಿನ ಡಬ್ಬಿಯೊಳಗೆ ಹೋಗಿ ಕೂತ. ಆಗ ಮಧ್ಯಾಹ್ನ ಒಂದೂವರೆ ಗಂಟೆ. ಫೋನು ರಿಂಗಾಯಿತು, ಅಮ್ಮ. ಅಪ್ಪಿ ತಾನಾಗಿ ಫೋನು ಮಾಡುವವಳಲ್ಲ, ಮಿಸ್ ಕಾಲು ಕೊಟ್ಟು ಕಾಯುವವಳು. ಯಾರಿಗೆ ಏನಾಯಿತೋ ಎಂದು ಅವನು ಗಾಬರಿಯಿಂದ ಎತ್ತಿದ.

‘ನೀನು ಮೊನ್ನೆ ಹೇಳಿದ್ದು ತಪ್ಪು’ ಎಂದಳು ಅಪ್ಪಿ ತುಳುವಿನಲ್ಲಿ, ಹಲೋ ಸಹ ಹೇಳದೆ. ‘ಅದು ಬುಡಕ್ಕೆ ಹೇಳುವುದಲ್ಲ. ಅದು ಬಾಯಿಗೆ. ಕೊನೆಗೆ ಬುಟ್ಟಿಯ ಬಾಯಿ ಕಟ್ಟುತ್ತೇವಲ್ಲ, ಅದಕ್ಕೆ. ಬುಡಕ್ಕೆ ಬೇರೆ ಉಂಟು.’

ಸುಶಾಂತನಿಗೆ ನಗಬೇಕೋ ಅಳಬೇಕೋ ತೋಚಲಿಲ್ಲ. ಹೆಸರನ್ನು ಅಷ್ಟು ಜನರ ಮುಂದೆ ತಿದ್ದಿ ಬಂದಿದ್ದಾನೆ, ಈಗ ಅದರ ಕೆಳಗಿನ ಪದವೇ ತಪ್ಪು! ಹಾಗಾದರೆ ಯಾವುದು ಎಂದು ಕೇಳಿದ. ಅಪ್ಪಿ ಹೇಳಿದಳು. ಅವನು ಹೇಳಿದ. ಅಲ್ಲ ಎಂದಳು, ನಾಲಗೆ ಹಿಂದೆ ಹೋಗಬೇಕು ಎಂದಳು. ಅವನು ಮತ್ತೆ ಹೇಳಿದ, ಅವಳು ಮತ್ತೆ ತಿದ್ದಿದಳು. ಪಕ್ಕದಲ್ಲಿ ಕೂತಿದ್ದ ಬಂಗಾಳಿ ಕೆಲಸಗಾರ ಅವನನ್ನೇ ನೋಡುತ್ತಿದ್ದ. ನಾಲ್ಕನೇ ಸಲಕ್ಕೆ ಅಪ್ಪಿ ತಿದ್ದಲಿಲ್ಲ.

ಆಮೇಲೆ ಅಪ್ಪಿ ಏನೋ ಅಂದಳು. ತುಳು ಅಲ್ಲ, ಕನ್ನಡ ಅಲ್ಲ. ಒಂದೇ ಪದವೂ ಅಲ್ಲ, ಪೂರ್ತಿ ಒಂದು ಮಾತು, ಕೊನೆಗೆ ಸ್ವಲ್ಪ ಮೇಲೆ ಹೋಗಿ ನಿಂತಿತು. ಬಾಯಿಯ ಮೇಲೆ ಹೊಡೆದ ದಿನದಿಂದ ಈವರೆಗೆ ಅವಳು ಅವನ ಹತ್ತಿರ ಹಾಗೆ ಮಾತಾಡಿರಲಿಲ್ಲ. ಸುಶಾಂತ ಫೋನನ್ನು ಕಿವಿಗೆ ಒತ್ತಿ ಹಿಡಿದ. ಅವನಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ.

‘ಎಂತ ಹೇಳಿದ್ದಮ್ಮಾ?’ ಎಂದ.

‘ಊಟ ಆಯ್ತಾ ಅಂತ ಕೇಳಿದ್ದು’ ಎಂದಳು ಅಪ್ಪಿ.